ಹಳೆ ಬ್ಲಾಕ್ ಸೋರುತ್ತಿದೆ, ಪಕ್ಕದಲ್ಲೇ ಹೊಸ ಬ್ಲಾಕ್ ಏಳುತ್ತಿದೆ. ರಿಪೇರಿಗೆ ದುಡ್ಡು ಎಲ್ಲಿಂದ ಕೇಳಬೇಕು?

ಪೆರ್ಲದವಳು

ಸರ್ಕಾರಿ ವಿಶ್ವವಿದ್ಯಾಲಯದ ಹಳೆ ಕಟ್ಟಡ ರಿಪೇರಿ ಮಾಡಲು ದುಡ್ಡು ಯಾವ ಲೆಕ್ಕದಿಂದ ಬರುತ್ತದೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಾನು ಓದುವುದು ಕಾಸರಗೋಡಿನ ಕಡೆ. ಯಾವ ಕ್ಯಾಂಪಸ್ ಅಂತ ಬರೆಯುವುದಿಲ್ಲ, ಇಲ್ಲಿರುವ ತುಂಬಾ ಜನರಿಗೆ ಅವರವರು ಓದಿದ ಜಾಗವೇ ನೆನಪಾಗಬಹುದು. ನಮ್ಮ ಹಳೆ ಬ್ಲಾಕಿನ ಸ್ಲಾಬ್ ಜೂನ್‌ನಲ್ಲಿ ಸೋರಲು ಶುರುವಾದರೆ ಅಕ್ಟೋಬರ್-ನವೆಂಬರಿನ ತುಲಾ ಮಳೆ ಮುಗಿಯುವವರೆಗೂ ನಿಲ್ಲುವುದಿಲ್ಲ. ವರಾಂಡದ ಸೀಲಿಂಗಿನಿಂದ ಚಕ್ಕೆ ಕಳಚಿ ಬೀಳುತ್ತದೆ, ಒಳಗಿನ ಕಂಬಿ ಕೆಂಪಾಗಿ ಕಾಣುತ್ತದೆ. ಮೊನ್ನೆ ಬೆಂಚಿನ ಮೇಲೆಯೇ ಬಿತ್ತು, ಪುಣ್ಯಕ್ಕೆ ಅಲ್ಲಿ ಯಾರೂ ಕೂತಿರಲಿಲ್ಲ. ಲೈಬ್ರರಿಯಲ್ಲಿ ಗೋಡೆ ಬದಿಯ ಕಪಾಟುಗಳ ಕನ್ನಡ ಪುಸ್ತಕಗಳಿಗೆ ಬೂಸ್ಟು ಹಿಡಿದಿದೆ, ಕೆಲವಕ್ಕೆ ಒರಲೆಯೂ ಹತ್ತಿದೆ. ಹೋದರೆ ಇನ್ನೊಂದು ತರಿಸೋಣ ಅಂದರೆ ಸಿಗುವ ಪುಸ್ತಕಗಳಲ್ಲ ಅವು. ಇಲ್ಲಿ ಕನ್ನಡ ಓದುವ ಮಕ್ಕಳಿಗೆ ಬೇರೆ ದೊಡ್ಡ ಲೈಬ್ರರಿ ಹತ್ತಿರದಲ್ಲಿ ಎಲ್ಲಿದೆ ಹೇಳಿ?

ಆಫೀಸಿನಲ್ಲಿ ಕೇಳಿದರೆ "ರಿಪೇರಿಗೆ ಫಂಡ್ ಇಲ್ಲ" ಅನ್ನುತ್ತಾರೆ. ಅದೇ ಕಾಂಪೌಂಡಿನಲ್ಲಿ ಹೊಸ ಬ್ಲಾಕ್ ಏಳುತ್ತಿದೆ, ಕೋಟಿ ಲೆಕ್ಕದ ಕೆಲಸ. ಅದರಲ್ಲಿ ಸ್ವಲ್ಪ ತೆಗೆದು ಇದಕ್ಕೆ ಹಾಕಲು ಯಾಕೆ ಆಗುವುದಿಲ್ಲ? ಟೆರೇಸಿನ ಮೇಲೆ ಶೀಟು ಹಾಕಿಸಿದರೆ ಸಾಕು ಅಂತ ಕೆಲವರು, ಕೆಡವಿಯೇ ಬಿಡಲಿ ಅಂತ ಇನ್ನು ಕೆಲವರು. ನಾವು ವಿದ್ಯಾರ್ಥಿಗಳು ಸೇರಿ ಒಂದು ಮನವಿ ಕೊಡಬೇಕು ಅಂತಿದ್ದೇವೆ. ಅದರಲ್ಲಿ ಏನು ಕೇಳಬೇಕು?


ನೀರ್ಚಾಲು ಸೈಟ್

ದುಡ್ಡಿನ ಮಾತು ಆಮೇಲೆ. ಮನವಿಯ ಮೊದಲ ಸಾಲಿನಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಅನ್ನುವ ಎಂಜಿನಿಯರಿಂಗ್ ತಪಾಸಣೆ, ಕೇಳಿ. ಕಟ್ಟಡದ ಆರೋಗ್ಯ ಏನು ಅಂತ ಕಾಗದದ ಮೇಲೆ ಇಲ್ಲದಿದ್ದರೆ ಶೀಟು ಹಾಕಬೇಕೋ ಕೆಡವಬೇಕೋ ಅನ್ನುವುದು ಬರೀ ಬಾಯಿಮಾತು.

ನೀವು ಹೇಳಿದ ಲಕ್ಷಣ ನಮ್ಮ ಕರಾವಳಿಯ ಹಳೆ ಕಾಂಕ್ರೀಟಿಗೆ ಬರುವ ಮಾಮೂಲಿ ಕಾಯಿಲೆ. ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ ಇರುತ್ತದೆ, ಪಿ.ಎಚ್. 12ರ ಮೇಲೆ. ಆ ಕ್ಷಾರ ಇರುವವರೆಗೆ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಇಳಿದು ಕ್ಷಾರವನ್ನು ತಿನ್ನುತ್ತದೆ, ಉಪ್ಪುಗಾಳಿ ಇದ್ದರೆ ಕೆಲಸ ಇನ್ನೂ ಬೇಗ ಕೆಡುತ್ತದೆ. ನೀರು ಸೇರಿತು ಅಂದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು, ಹಾಗಾಗಿ ಅದು ಒಳಗಿಂದ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ನಿಮ್ಮ ಬೆಂಚಿನ ಮೇಲೆ ಬಿದ್ದದ್ದು ಅದು.

ಹಳೆ ಕಟ್ಟಡಗಳಲ್ಲಿ ಇದು ಬೇಗ ಆಗಲು ಇನ್ನೊಂದು ಕಾರಣ ಇದೆ. ಕಾಂಕ್ರೀಟ್ ಕೆಲಸದ ಭಾರತೀಯ ನಿಯಮ ಐ.ಎಸ್. 456, ಅದರ 1978ರ ಕೋಡಿನಲ್ಲಿ ಸ್ಲಾಬಿನ ಕಂಬಿಯ ಕೆಳಗೆ 15 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ) ಇದ್ದರೆ ನಡೆಯುತ್ತಿತ್ತು. 2000ದ ಕೋಡ್ ಕರಾವಳಿಯ ಹವೆಗೆ ತೆರೆದುಕೊಂಡ ಕಾಂಕ್ರೀಟಿಗೆ 45 ಮಿ.ಮೀ. ಕೇಳುತ್ತದೆ. ಕಟ್ಟಿದವರು ಆ ಕಾಲದ ನಿಯಮ ಪಾಲಿಸಿಯೇ ಕಟ್ಟಿರಬಹುದು, ಆದರೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಆ 15 ಮಿ.ಮೀ. ಎಷ್ಟು ವರ್ಷ ತಡೆದೀತು ಮಾರಾಯ್ರೆ?

ಆಡಿಟಿನಲ್ಲಿ ಏನೇನು ಮಾಡುತ್ತಾರೆ ಅಂತ ಗೊತ್ತಿರಲಿ, ಯಾರಾದರೂ ಬಂದು ನಾಲ್ಕು ಫೋಟೊ ತೆಗೆದು ಹೋದರೆ ಅದು ಆಡಿಟ್ ಅಲ್ಲ. ರಿಬೌಂಡ್ ಹ್ಯಾಮರ್ ಹೊಡೆದು ಮೇಲ್ಮೈ ಎಷ್ಟು ಗಟ್ಟಿ ನೋಡುತ್ತಾರೆ. ಅಲ್ಟ್ರಾಸಾನಿಕ್ ಪರೀಕ್ಷೆಯಿಂದ ಒಳಗೆ ಬಿರುಕು, ಟೊಳ್ಳು ಇದೆಯಾ ತಿಳಿಯುತ್ತದೆ. ಕೋರ್, ಅಂದರೆ ಕಾಂಕ್ರೀಟಿನ ಉರುಟು ತುಂಡು, ಕೊರೆದು ತೆಗೆದು ಲ್ಯಾಬಿನಲ್ಲಿ ಒತ್ತಿ ನೋಡುತ್ತಾರೆ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ಅನ್ನುವ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಗುಲಾಬಿ ಬಣ್ಣ ಬರುತ್ತದೆ, ಹೋದ ಕಡೆ ಬಣ್ಣ ಬರುವುದಿಲ್ಲ. ಇದು ಅಗ್ಗದ ಪರೀಕ್ಷೆ, ನೋಡಿದವರಿಗೆ ಕೂಡಲೇ ಅರ್ಥ ಆಗುತ್ತದೆ.

ಶೀಟಿನ ವಿಷಯ. ಪೈಪಿನ ಟ್ರಸ್ ನಿಲ್ಲಿಸಿ ಮೇಲೆ ಶೀಟು ಹೊದಿಸುವುದು ನಮ್ಮ ಊರಿನ ಮನೆಗಳಲ್ಲೆಲ್ಲ ಇದೆ, ನಾನೂ ತುಂಬಾ ಕಡೆ ಮಾಡಿಸಿದ್ದೇನೆ. ಮಳೆ ತಡೆಯುತ್ತದೆ, ಅದು ದೊಡ್ಡ ಉಪಕಾರ. ಆದರೆ ಆಗಲೇ ಹಿಡಿದ ತುಕ್ಕು ಶೀಟಿನಿಂದ ಹೋಗುವುದಿಲ್ಲ. ಸಡಿಲ ಕಾಂಕ್ರೀಟ್ ಪೂರ್ತಿ ಕೆತ್ತಬೇಕು, ಕಂಬಿಯ ಹಿಂಬದಿಗೂ ಕೈ ಹೋಗುವಷ್ಟು. ತುಕ್ಕು ಉಜ್ಜಿ ತೆಗೆದು ಜಿಂಕ್ ಪ್ರೈಮರ್ ಹಚ್ಚಬೇಕು. ಸವೆದು ಸಣ್ಣಗಾದ ಕಂಬಿಗೆ ಹೊಸ ಕಂಬಿ ಜೋಡಿಸಬೇಕು. ಆಮೇಲೆ ಪಾಲಿಮರ್ ಸೇರಿಸಿದ ಗಾರೆ. ಇದೆಲ್ಲ ಬಿಟ್ಟು ಮೇಲಿಂದ ಮೇಲೆ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದರೆ ಎರಡು ಮಳೆಗಾಲಕ್ಕೆ ಮತ್ತೆ ಬೀಳುತ್ತದೆ, ಈ ಸಲ ಇನ್ನೂ ದೊಡ್ಡ ಚಕ್ಕೆ.

ಒಂದು ಮಾತು ಈಗಲೇ ಹೇಳುತ್ತೇನೆ. ಕಂಬಿ ಕಾಣುವ ವರಾಂಡದ ಕೆಳಗೆ ನಡೆಯುವುದು, ಕೂರುವುದು ನಿಲ್ಲಿಸಿ. ಹಗ್ಗ ಕಟ್ಟಿ ಅಡ್ಡ ಹಾಕಿ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗ ಕುಸಿಯಿತು. ಅಪಾಯ ಕಂಡು ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು.


ಫೈಲ್ ನೋಡಿದವ

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಪ್ಲಾನಿಂಗ್, ಫೈನಾನ್ಸ್ ಎರಡೂ ಸೆಕ್ಷನ್‌ನಲ್ಲಿ ಕೂತು ಈಗ ನಿವೃತ್ತಿಯಾದವನು ನಾನು. ಪೆರ್ಲದ ತಂಗಿಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಹೊಸ ಬ್ಲಾಕಿನ ದುಡ್ಡನ್ನು ಹಳೆಯದಕ್ಕೆ ಹಾಕಲು ಆಗುವುದಿಲ್ಲ. ಅದು ಯಾರದ್ದೋ ಮೊಂಡುತನ ಅಲ್ಲ. ಯಾವ ಕೆಲಸಕ್ಕೆ ಮಂಜೂರಾಗಿದೆಯೋ ಅದಕ್ಕೇ ಖರ್ಚು ಮಾಡಬೇಕು, ಇಲ್ಲದಿದ್ದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುತ್ತದೆ, ಸಹಿ ಹಾಕಿದವರ ತಲೆಗೆ ಬರುತ್ತದೆ. ಹಾಗಾಗಿ ನೀವು ಕೇಳಬೇಕಾದದ್ದು ಬೇರೆ: ನಮ್ಮ ಕ್ಯಾಂಪಸ್ಸಿನ ಬಜೆಟ್ಟಿನಲ್ಲಿ ಹಳೆ ಕಟ್ಟಡದ ನಿರ್ವಹಣೆಗೆ ಅಂತ ಈ ವರ್ಷ ಎಷ್ಟು ಇಟ್ಟಿದ್ದೀರಿ, ಕಳೆದ ಐದು ವರ್ಷ ಎಷ್ಟು ಇಟ್ಟಿದ್ದಿರಿ, ಅದರಲ್ಲಿ ಖರ್ಚಾದದ್ದು ಎಷ್ಟು?

ರಾಜ್ಯದ ವಿಶ್ವವಿದ್ಯಾಲಯಗಳಿಗೆ ಬರುವ ಅನುದಾನದ ದೊಡ್ಡ ಪಾಲು ಸಂಬಳಕ್ಕೆ, ಪಿಂಚಣಿಗೆ ಹೋಗುತ್ತದೆ. ಉಳಿದದ್ದರಲ್ಲಿ ಕರೆಂಟು, ನೀರು, ಪರೀಕ್ಷೆ. ಕತ್ತರಿ ಹಾಕಬೇಕು ಅಂದಾಗ ಮೊದಲು ಹೋಗುವುದು ನಿರ್ವಹಣೆಯ ಸಾಲು, ಯಾಕೆಂದರೆ ಒಂದು ವರ್ಷ ಸುಣ್ಣ ಬಳಿಯದಿದ್ದರೆ, ಟೆರೇಸಿನ ಪೈಪ್ ಬದಲಿಸದಿದ್ದರೆ ಆ ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಹೀಗೆ ಮುಂದಕ್ಕೆ ತಳ್ಳಿದ ಮೇಲೆ ಒಟ್ಟಿಗೆ ಬರುವ ಬಿಲ್ಲು ಯಾವ ಕ್ಯಾಂಪಸ್ಸಿಗೂ ಕಟ್ಟಲು ಆಗದಷ್ಟು ಇರುತ್ತದೆ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲಿದೆ.

ಎಷ್ಟು ಇಡಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1990ರಲ್ಲಿ ಸಾರ್ವಜನಿಕ ಕಟ್ಟಡಗಳ ಬಗ್ಗೆ ಹೇಳಿದ್ದು ಏನೆಂದರೆ, ಇಂದು ಹೊಸದಾಗಿ ಕಟ್ಟಲು ಎಷ್ಟು ಬೇಕೋ ಅದರ ಶೇ. 2ರಿಂದ 4ರಷ್ಟು ಪ್ರತಿ ವರ್ಷ ನಿರ್ವಹಣೆಗೆ ತೆಗೆದಿಡಬೇಕು. 10 ಕೋಟಿಯ ಬ್ಲಾಕ್ ಅಂದರೆ ವರ್ಷಕ್ಕೆ 20ರಿಂದ 40 ಲಕ್ಷ. ನಮ್ಮಲ್ಲಿ ಅದರ ಹತ್ತಿರವೂ ಬರುವುದಿಲ್ಲ ಅಂತ ನಿಮಗೆ ಲೆಕ್ಕ ಸಿಕ್ಕಿದಾಗ ಗೊತ್ತಾಗುತ್ತದೆ. ಅಲ್ಲಿ ಇನ್ನೊಂದು ಲೆಕ್ಕವೂ ಇಡುತ್ತಾರೆ. ಬಾಕಿ ಉಳಿದ ರಿಪೇರಿಯ ಖರ್ಚನ್ನು ಹೊಸ ಕಟ್ಟಡದ ಖರ್ಚಿನಿಂದ ಭಾಗಿಸುವುದು. ಶೇ. 5ರ ಒಳಗೆ ಇದ್ದರೆ ಒಳ್ಳೆಯದು, 10 ದಾಟಿದರೆ ಕೆಟ್ಟ ಸ್ಥಿತಿ. ನೀರ್ಚಾಲಿನವರು ಹೇಳಿದ ಆಡಿಟ್ ಬಂದರೆ ಈ ಅಂಕಿ ನೀವೇ ತೆಗೆಯಬಹುದು, ಮಾತಾಡಲು ಕೈಯಲ್ಲಿ ಏನಾದರೂ ಇದ್ದಂತಾಗುತ್ತದೆ.

ಈಗ ದುಡ್ಡು ಕೇಳಬಹುದಾದ ಬಾಗಿಲುಗಳು. ರಾಜ್ಯದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅಂತ 2013ರಲ್ಲಿ ಬಂದ ಕೇಂದ್ರದ ರೂಸಾ ಯೋಜನೆಯಲ್ಲಿ ಕೇಂದ್ರ ಶೇ. 60, ನಮ್ಮಂಥ ರಾಜ್ಯ ಶೇ. 40 ಹಾಕಬೇಕು. ಕಾಲೇಜುಗಳಿಗೆ 2 ಕೋಟಿಯ ಮೂಲಸೌಕರ್ಯ ಅನುದಾನ ಅದರಲ್ಲೇ ಬಂದದ್ದು, ನವೀಕರಣಕ್ಕೂ ಒಂದು ಪಾಲು ಇತ್ತು. 2023ರಲ್ಲಿ ಅದರ ಹೆಸರು ಪಿ.ಎಂ. ಉಷಾ ಆಯಿತು, 2023-24ರಿಂದ ಮೂರು ವರ್ಷಕ್ಕೆ 12,926.10 ಕೋಟಿ ರೂಪಾಯಿ ಇಡೀ ದೇಶಕ್ಕೆ ಇಟ್ಟಿದ್ದರು. ಕೇಂದ್ರದ ಸಂಸ್ಥೆಗಳಿಗೆ 2017ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿ ಮಾಡಿದ ಹೆಫಾ ಅನ್ನುವ ಹಣಕಾಸು ಸಂಸ್ಥೆ ಇದೆ, ಆದರೆ ಅದು ಸಾಲ, ರಾಜ್ಯದ ವಿಶ್ವವಿದ್ಯಾಲಯಗಳಿಗೆ ಆ ಬಾಗಿಲೇ ಇಲ್ಲ. ಕೇರಳದಲ್ಲಿ ರಾಜ್ಯದ ಮೂಲಸೌಕರ್ಯ ನಿಧಿ ಮಂಡಳಿ ಕಿಫ್ಬಿ ಇದೆ, ದೊಡ್ಡ ಹೊಸ ಕಟ್ಟಡಗಳಿಗೆ. ಜಿಲ್ಲೆಯ ಅಭಿವೃದ್ಧಿ ಬಗ್ಗೆ ಅಧ್ಯಯನ ಮಾಡಿದ ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಇದೆ. ಶಾಸಕರ ನಿಧಿ ಇದೆ, ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಇದೆ. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಹೊಸ ಆಸ್ತಿ ಮಾಡಲು ಇರುವವು. ವರ್ಷ ವರ್ಷದ ನಿರ್ವಹಣೆ ಇವುಗಳಿಂದ ನಡೆಯುವುದಿಲ್ಲ, ಅದು ಬಜೆಟ್ಟಿನಿಂದಲೇ ಬರಬೇಕು. ದೊಡ್ಡ ಮಟ್ಟದ ಪುನಶ್ಚೇತನ ಅಂತ ಒಂದೇ ಸಲದ ಯೋಜನೆ ಮಾಡಿ ಕೊಟ್ಟರೆ ಮಾತ್ರ ಕೆಲವು ಬಾಗಿಲು ತೆರೆಯುತ್ತವೆ.

ಕೊನೆಗೆ ತಿಂಗಳ ಲೆಕ್ಕ, ಇದನ್ನು ಯಾರೂ ಹೇಳುವುದಿಲ್ಲ. ಎಸ್ಟಿಮೇಟ್ ಆಗಬೇಕು, ಎ.ಎಸ್. (ಆಡಳಿತಾತ್ಮಕ ಮಂಜೂರಾತಿ) ಆಗಬೇಕು, ಟಿ.ಎಸ್. (ತಾಂತ್ರಿಕ ಮಂಜೂರಾತಿ) ಆಗಬೇಕು, ಟೆಂಡರ್ ಕರೆಯಬೇಕು. ದುಡ್ಡು ಬಿಡುಗಡೆ ಆಗುವುದು ಹೆಚ್ಚಾಗಿ ಜನವರಿ ದಾಟಿದ ಮೇಲೆ, ಮಾರ್ಚ್ 31ರ ಒಳಗೆ ಬಿಲ್ಲು ಆಗಬೇಕು. ಅಷ್ಟರಲ್ಲಿ ಮುಗಿಯುವುದು ಪೈಂಟ್ ಕೆಲಸ ಮಾತ್ರ. ಟೆರೇಸಿನ ಕೆಲಸಕ್ಕೆ ಒಣ ಹವೆ ಬೇಕು, ನಮಗೆ ಅದು ಸಿಗುವುದು ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ. ಜೂನ್ ಒಂದಕ್ಕೆ ಮಳೆ ಬಾಗಿಲಲ್ಲಿ. ಆದ್ದರಿಂದ ಫೈಲ್ ಮಳೆಗಾಲದಲ್ಲೇ ಹೊರಡಬೇಕು, ಸೋರುತ್ತಿರುವಾಗಲೇ ಎಸ್ಟಿಮೇಟ್ ತೆಗೆಯಬೇಕು. ಎಲ್ಲಿ ಸೋರುತ್ತದೆ ಅಂತ ಕಾಣುವುದೂ ಆಗಲೇ. ನೀವು ಮನವಿ ಕೊಡುವುದಾದರೆ ಈಗ ಕೊಡಿ, ಬೇಸಿಗೆಗೆ ಕಾಯಬೇಡಿ.


ಅಕ್ಕಲಕೋಟೆ ರಸ್ತೆ

ನಾನು ಸೊಲ್ಲಾಪುರ ಜಿಲ್ಲೆಯವ, ಗಡಿಯ ಈ ಬದಿಯ ಕನ್ನಡಿಗ. ನಿಮ್ಮಲ್ಲಿ ಮೇಲಿಂದ ನೀರು, ನಮ್ಮಲ್ಲಿ ಕೆಳಗಿಂದ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಅಡಿಪಾಯ ಅದರ ಜೊತೆ ಏಳುತ್ತದೆ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದ್ದರೆ ಹೆಚ್ಚಾಗಿ ಇದೇ ಕಾರಣ. ನಾನು ಓದಿದ ಕಾಲೇಜಿನಲ್ಲಿ ಪ್ರತಿ ವರ್ಷ ಆ ಬಿರುಕಿಗೆ ಸಿಮೆಂಟ್ ತುಂಬುತ್ತಿದ್ದರು, ಮುಂದಿನ ವರ್ಷ ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಡುತ್ತಿತ್ತು. ಕಟ್ಟಡದ ಸುತ್ತ ಕಲ್ಲು ಹಾಸಿ, ಚಾವಣಿಯ ನೀರನ್ನು ಗೋಡೆಯಿಂದ ದೂರ ಸಾಗಿಸಿ, ಗೋಡೆಗೆ ತಾಗಿದ ದೊಡ್ಡ ಮರಗಳ ಬಗ್ಗೆ ಯೋಚಿಸಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು. ಕಾರಣ ಹುಡುಕದೆ ಕೊಡುವ ದುಡ್ಡು ಮಣ್ಣಿಗೆ ಹೋಗುತ್ತದೆ, ಹಾಗಾಗಿ ಆಡಿಟ್ ಮೊದಲು ಅನ್ನುವುದಕ್ಕೆ ನನ್ನ ಮತವೂ ಅದೇ.

ಆದರೆ ಶಾಸಕರ ನಿಧಿಯನ್ನು ಅಷ್ಟು ಕಡೆಗಣಿಸಬೇಡಿ ಅಣ್ಣ. ಬಜೆಟ್ಟಿನ ಸಾಲು ಬರಲು ವರ್ಷಗಳು ಬೇಕು. ಅಷ್ಟರವರೆಗೆ ಮಕ್ಕಳ ತಲೆ ಮೇಲೆ ಏನಾದರೂ ಬೇಕಲ್ವಾ?


ಕುಂಬಳೆ ಶಾರ್ಜಾ

ನಾವು ಹಳೆ ವಿದ್ಯಾರ್ಥಿಗಳು ಗಲ್ಫ್‌ನಲ್ಲಿ ತುಂಬಾ ಜನ ಇದ್ದೇವೆ. ಸರ್ಕಾರಕ್ಕೆ ಕಾಯುವುದು ಯಾಕೆ? ಒಂದು ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಶೀಟಿನ ದುಡ್ಡು ಒಂದೇ ತಿಂಗಳಲ್ಲಿ ಸೇರುತ್ತದೆ. ದೊಡ್ಡ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡುವ ದುಡ್ಡು, ಸಿ.ಎಸ್.ಆರ್., ಕೂಡ ಇದೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇ. 2 ಖರ್ಚು ಮಾಡಲೇಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ಓದಿದ ಜಾಗ ಬಿದ್ದುಹೋಗುವುದನ್ನು ನೋಡುತ್ತಾ ಕೂರಲು ನನಗೆ ಮನಸ್ಸಿಲ್ಲ.


ಫೈಲ್ ನೋಡಿದವ

ಶಾರ್ಜಾದವರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಸ್ಲಾಬು, ತೊಲೆ, ಕಂಬ ಇವು ಸರ್ಕಾರದ ಆಸ್ತಿ, ಅವುಗಳನ್ನು ಗಟ್ಟಿಯಾಗಿ ಇಡುವುದು ಸರ್ಕಾರದ ಕೆಲಸ. ಒಮ್ಮೆ ಹಳೆ ವಿದ್ಯಾರ್ಥಿಗಳು ಅದನ್ನು ಹೊತ್ತರೆ ಮುಂದಿನ ವರ್ಷ ಫೈಲಿನಲ್ಲಿ ಬರುವ ಟಿಪ್ಪಣಿ "ಹಳೆ ವಿದ್ಯಾರ್ಥಿ ಸಂಘದ ನೆರವು ಪಡೆಯಬಹುದು" ಅಂತ. ಗಲ್ಫ್‌ನಲ್ಲಿ ಮಕ್ಕಳಿರುವ ಕ್ಯಾಂಪಸ್ಸು ಉಳಿಯುತ್ತದೆ, ಇಲ್ಲದ್ದು ಬೀಳುತ್ತದೆ. ಬಡ ಮಕ್ಕಳು ಓದುವ ಜಾಗಕ್ಕೆ ಹೀಗಾಗಬಾರದು. ಫೀಸು ಜಾಸ್ತಿ ಮಾಡಿ ರಿಪೇರಿ ಮಾಡೋಣ ಅನ್ನುವ ಮಾತಿಗೂ ನನ್ನ ಉತ್ತರ ಇದೇ.

ನಿಮ್ಮ ದುಡ್ಡಿಗೆ ಸರಿಯಾದ ಜಾಗ ಲೈಬ್ರರಿ. ಪುಸ್ತಕ ಸ್ಕ್ಯಾನ್ ಮಾಡಿಸುವುದು, ಕಬ್ಬಿಣದ ಕಪಾಟು, ಗಾಳಿಯ ತೇವ ಎಳೆಯುವ ಯಂತ್ರ. ಇದಕ್ಕೆ ಬಜೆಟ್ ಬರುವುದು ತುಂಬಾ ಕಷ್ಟ, ಪುಸ್ತಕಕ್ಕೆ ಕಾಯುವ ಪುರುಸೊತ್ತೂ ಇಲ್ಲ. ಸಿ.ಎಸ್.ಆರ್. ದುಡ್ಡು ಸಿಕ್ಕಿದರೆ ಬಳಸಲಿ, ನನ್ನ ವಿರೋಧ ಇಲ್ಲ, ಆದರೆ ಲೆಕ್ಕ ವಿಶ್ವವಿದ್ಯಾಲಯದ ಖಾತೆಯಲ್ಲೇ ನಡೆಯಲಿ.

ಅಕ್ಕಲಕೋಟೆಯವರಿಗೆ: ಶೀಟಿಗೆ ಶಾಸಕರ ನಿಧಿ ಕೇಳುವುದಕ್ಕೆ ನನ್ನ ಅಡ್ಡಿ ಇಲ್ಲ. ಅದೇ ಅರ್ಜಿಯಲ್ಲಿ ನಿರ್ವಹಣೆಯ ಸಾಲನ್ನೂ ಕೇಳಿದರೆ ಸಾಕು.


ಪೆರ್ಲದವಳು

ಎಲ್ಲರಿಗೂ ಧನ್ಯವಾದ. ನಮ್ಮ ಗುಂಪಿನಲ್ಲಿ ಇದನ್ನೆಲ್ಲ ಓದಿದೆವು. ಎರಡು ಪ್ರಶ್ನೆ ಉಳಿದಿದೆ. ಮನವಿಯನ್ನು ಮಲಯಾಳದಲ್ಲಿ ಬರೆಯಬೇಕಾ? ನಮ್ಮಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂ. ಮತ್ತೆ ಬೇಸಿಗೆಯವರೆಗೆ ನಾವೇ ಮಾಡಬಹುದಾದದ್ದು ಏನಾದರೂ ಇದೆಯಾ?


ಹೊಸಂಗಡಿ ವಕೀಲರ ಆಫೀಸು

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ಅವರವರ ಭಾಷೆಯಲ್ಲಿ ಬರೆಯಬಹುದು ಅಂತ ಇದೆ. ಸರ್ಕಾರಕ್ಕೆ ಹೋಗುವ ಪ್ರತಿ ಕನ್ನಡದಲ್ಲಿ ಇರಲಿ. ಬೇಗ ಓದಿಸಿಕೊಳ್ಳಲಿ ಅಂತ ಜೊತೆಗೆ ಒಂದು ಇಂಗ್ಲಿಷ್ ಪ್ರತಿ ಇಟ್ಟರೆ ತಪ್ಪಿಲ್ಲ, ಆದರೆ ಮೂಲ ಕನ್ನಡದ್ದೇ ಆಗಿರಲಿ. ನಾವು ಬರೆಯುವುದನ್ನು ಬಿಟ್ಟರೆ ಆ ಹಕ್ಕು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಬಜೆಟ್ಟಿನ ಅಂಕಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ಈ ಅರ್ಜಿಯನ್ನು ಮಾತ್ರ ಇಂಗ್ಲಿಷಿನಲ್ಲೇ ಹಾಕಿ, ಭಾಷೆಯ ನೆಪದಲ್ಲಿ ತಡ ಆಗಬಾರದು. ಕೇಳುವುದು ಚುಟುಕಾಗಿರಲಿ: ಐದು ವರ್ಷದ ನಿರ್ವಹಣಾ ಬಜೆಟ್, ಖರ್ಚು, ಹಳೆ ಬ್ಲಾಕಿನ ಬಗ್ಗೆ ಈವರೆಗೆ ತಯಾರಾದ ಎಸ್ಟಿಮೇಟ್‌ಗಳ ನಕಲು, ಕೊನೆಯ ಸುರಕ್ಷತಾ ತಪಾಸಣೆಯ ವರದಿ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಕಾರಣ ವಿವರಿಸಲು ಅವರು ಬಾಧ್ಯರಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ.


ನೀರ್ಚಾಲು ಸೈಟ್

ಬೇಸಿಗೆಯವರೆಗೆ: ಟೆರೇಸಿಗೆ ವಿದ್ಯಾರ್ಥಿಗಳು ಹತ್ತಬೇಡಿ, ಕ್ಯಾಂಪಸ್ಸಿನ ಕೆಲಸದವರಿಂದ ಮಾಡಿಸಿ. ಮಳೆನೀರಿನ ಪೈಪಿನ ಬಾಯಿಯಲ್ಲಿ ಎಲೆ, ಪಾಚಿ ಕಟ್ಟಿಕೊಂಡಿದ್ದರೆ ತೆಗೆಯಲಿ. ಎಷ್ಟೋ ಕಡೆ ಸೋರುವುದಕ್ಕೆ ಅದೇ ಕಾರಣ, ನೀರು ಹೋಗಲು ದಾರಿ ಇಲ್ಲದೆ ಸ್ಲಾಬಿನ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಪ್ಯಾರಪೆಟ್ಟಿನ ಬಿರುಕಿನಲ್ಲಿ ಅಶ್ವತ್ಥ, ಗೋಳಿ ಗಿಡ ಹುಟ್ಟಿದ್ದರೆ ಸಣ್ಣದಿರುವಾಗಲೇ ಬೇರು ಸಮೇತ ಕೀಳಿಸಿ. ಮುಂದಿನ ವರ್ಷದಿಂದ ಇದು ಮೇ ತಿಂಗಳಲ್ಲೇ ಆಗಬೇಕು.

ನೀವು ಮಾಡಬೇಕಾದದ್ದು ದಾಖಲೆ. ಪ್ರತಿ ಕೋಣೆಯ ಸೀಲಿಂಗಿನ ಫೋಟೊ ತೆಗೆಯಿರಿ, ಚೌಕಟ್ಟಿನಲ್ಲಿ ಒಂದು ಸ್ಕೇಲ್ ಇರಲಿ, ದಿನಾಂಕ ಬರೆಯಿರಿ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಹಾಕಿ, ಗೆರೆ ದಾಟಿ ಬೆಳೆದರೆ ಮತ್ತೆ ಫೋಟೊ. ಆಡಿಟ್‌ಗೆ ಬರುವ ಎಂಜಿನಿಯರಿಗೆ ಇದು ಬೆಲೆಬಾಳುವ ಮಾಹಿತಿ. ಕಪಾಟುಗಳನ್ನು ಹೊರಗೋಡೆಯಿಂದ ಅರ್ಧ ಅಡಿಯಾದರೂ ಈಚೆ ಇಡಿ, ಕೆಳಗಿನ ಅಡ್ಡಪಟ್ಟಿಯ ಪುಸ್ತಕ ಮೇಲೆ ಏರಿಸಿ. ಬೂಸ್ಟು ಹಿಡಿದದ್ದನ್ನು ಚೆನ್ನಾಗಿರುವುದರ ಜೊತೆ ಬೆರೆಸಬೇಡಿ, ಬಿಸಿಲಿಗೂ ಒಡ್ಡಬೇಡಿ, ಫ್ಯಾನಿನ ಗಾಳಿಗೆ ನೆರಳಲ್ಲಿ ಆರಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಆಡಿಟ್‌ಗೆ ಆದೇಶ ಆದರೆ ಇಲ್ಲಿ ಹಾಕಿ. ವರದಿ ಕೈಗೆ ಬಂದ ಮೇಲೆ ಎಸ್ಟಿಮೇಟಿನಲ್ಲಿ ಯಾವ ಐಟಂ ಇದೆ, ಯಾವುದು ಬಿಟ್ಟಿದ್ದಾರೆ ಅಂತ ಒಟ್ಟಿಗೆ ನೋಡೋಣ.


ಪೆರ್ಲದವಳು

ಆಗಲಿ. ನಾಳೆಯಿಂದ ಫೋಟೊ ಶುರು ಮಾಡುತ್ತೇವೆ, ವರಾಂಡಕ್ಕೆ ಹಗ್ಗ ಕಟ್ಟಲು ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ. ಮನವಿಯಲ್ಲಿ ಮೂರು ಬೇಡಿಕೆ: ಆಡಿಟ್, ಈ ಬೇಸಿಗೆಯಲ್ಲಿ ಟೆರೇಸಿನ ಕೆಲಸ, ಬಜೆಟ್ಟಿನಲ್ಲಿ ಪ್ರತಿ ವರ್ಷ ನಿರ್ವಹಣೆಗೆ ಬೇರೆ ಸಾಲು. ಕರಡು ಸಿದ್ಧವಾದ ಕೂಡಲೇ ಇಲ್ಲಿ ಹಾಕುತ್ತೇನೆ, ತಿದ್ದಿ ಕೊಡಿ. ಶಾರ್ಜಾದಣ್ಣ, ಲೈಬ್ರರಿಯ ಸ್ಕ್ಯಾನಿಂಗ್ ಬಗ್ಗೆ ನಿಮಗೆ ಬೇರೆ ಮೆಸೇಜ್ ಮಾಡುತ್ತೇನೆ.